‘ಜೊತೆಗೆ ಯಾರೂ ಬಂದಿಲ್ವಾ?’

ತಾಲ್ಲೂಕು ಕಚೇರಿಯಾಗಲಿ, ಜಿಲ್ಲಾಸ್ಪತ್ರೆಯ ಹೊರರೋಗಿ ವಿಭಾಗವಾಗಲಿ, ಪೊಲೀಸ್ ಠಾಣೆಯಾಗಲಿ, ಬ್ಯಾಂಕಾಗಲಿ, ಕಿವಿ ಕೇಳಿಸದ ಒಬ್ಬರು ಬಂದು ಎದುರು ನಿಂತರೆ ಒಳಗಿನಿಂದ ಮೊದಲು ಹೊರಡುವ ಮಾತು ಒಂದೇ: ‘ಜೊತೆಗೆ ಯಾರೂ ಬಂದಿಲ್ವಾ?’ ಕೇಳಿಸದವರನ್ನು ಬಾಯಿಬಿಟ್ಟು ಕೇಳುವ ಪ್ರಶ್ನೆ ಇದು. ಉತ್ತರ ಬಾರದಿದ್ದರೆ ಇನ್ನೂ ಗಟ್ಟಿಯಾಗಿ ಕೇಳುತ್ತಾರೆ. ಅದಕ್ಕೂ ಉತ್ತರವಿಲ್ಲದಿದ್ದರೆ ಗಾಳಿಯಲ್ಲಿ ಕೈಯಾಡಿಸಿ, ನಾಳೆ ಯಾರನ್ನಾದರೂ ಕರೆದುಕೊಂಡು ಬಾ ಎಂದು ಸಾಗಹಾಕುತ್ತಾರೆ. ಯಾವ ಕಡತದಲ್ಲೂ ಇದು ದಾಖಲಾಗುವುದಿಲ್ಲ. ಅರ್ಜಿಯನ್ನು ಯಾರೂ ತಿರಸ್ಕರಿಸಿಲ್ಲವಲ್ಲ! ಅರ್ಜಿಯೇ ಬಂದಿಲ್ಲ. ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ ‘ಸಕಾಲ’ದ ದಿನಗಣನೆ ಶುರುವಾಗುವುದು ಅರ್ಜಿಗೆ ನಂಬರು ಬಿದ್ದ ಮೇಲೆ ತಾನೆ?

ಆ ಪ್ರಶ್ನೆಯ ಬೆನ್ನಿಗೆ ಒಂದು ನಂಬಿಕೆ ನಿಂತಿದೆ. ಕೇಳಿಸದಿರುವುದು ಅವರ ಕಷ್ಟ, ಹಾಗಾಗಿ ಮಾತು ಮುಟ್ಟಿಸಿಕೊಳ್ಳುವ ಹೊಣೆಯೂ ಅವರದೇ. ಅವರಿಂದಾಗದಿದ್ದರೆ ಅವರ ಮನೆಯವರದು. ಈ ನಂಬಿಕೆಯನ್ನು ಬರೀ ಗುಮಾಸ್ತರ ತಲೆಗೆ ಕಟ್ಟಿದರೆ ಅನ್ಯಾಯವಾದೀತು. ವೈದ್ಯರು, ವಕೀಲರು, ಬ್ಯಾಂಕ್ ಮ್ಯಾನೇಜರುಗಳು, ಶಾಸಕರು, ಪತ್ರಿಕೆಯವರು, ಕೊನೆಗೆ ಕರುಣೆ ಉಕ್ಕಿ ಹರಿಯುವ ದಾನಿಗಳು ಕೂಡ ಇದನ್ನು ಒಪ್ಪಿಕೊಂಡು ಹಾಯಾಗಿದ್ದಾರೆ. ‘ಫಾರಿನ್ನಿನಲ್ಲಿ ಯಾರಿಗೆ ಯಾರೂ ಇರುವುದಿಲ್ಲ, ಅದಕ್ಕೇ ಸರ್ಕಾರ ದುಭಾಷಿ ಕೊಡುತ್ತದೆ. ನಮ್ಮಲ್ಲಿ ಕುಟುಂಬ ಇದೆಯಲ್ಲ’ ಎಂಬ ಸಮರ್ಥನೆ ಸದಾ ಸಿದ್ಧ. ಸಂಸ್ಕೃತಿಯ ಹೆಸರು ಹೇಳಿ ಹೊಣೆ ಜಾರಿಸುವುದಕ್ಕೆ ಇದಕ್ಕಿಂತ ಅಗ್ಗದ ದಾರಿ ಇನ್ನೊಂದಿಲ್ಲ.

ಆ ಕುಟುಂಬವನ್ನೇ ಮೊದಲು ನೋಡೋಣ. ಹುಟ್ಟುಕಿವುಡರಾದ ಮಕ್ಕಳಲ್ಲಿ ಬಹುಪಾಲು ಹುಟ್ಟುವುದು ಕಿವಿ ಕೇಳುವ ಅಪ್ಪ ಅಮ್ಮನಿಗೆ. ಆ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಸನ್ನೆ ಭಾಷೆ ಕಲಿಸುವ ಏರ್ಪಾಡು ಎಷ್ಟು ತಾಲ್ಲೂಕುಗಳಲ್ಲಿದೆ? ಊಟ, ನೀರು, ಬಾ, ಹೋಗು, ಬೇಡ, ಹುಷಾರು. ಮನೆಯೊಳಗೇ ಹುಟ್ಟಿಕೊಂಡ ಒಂದಷ್ಟು ಸನ್ನೆಗಳಲ್ಲಿ ಸಂಸಾರ ಹೇಗೋ ಸಾಗುತ್ತದೆ. ಆದರೆ ‘ಗರ್ಭಕೋಶದಲ್ಲಿ ಗಡ್ಡೆ ಇದೆ, ಗರ್ಭಕೋಶವನ್ನೇ ತೆಗೆಯಬೇಕಾಗಬಹುದು, ಔಷಧಿಯಲ್ಲೂ ನೋಡಬಹುದು, ಯಾವುದು ಬೇಕೆಂದು ನೀವು ಹೇಳಬೇಕು’ ಎಂಬುದನ್ನು ಆ ಮನೆ ಸನ್ನೆಗಳಲ್ಲಿ ಹೇಳುವುದು ಹೇಗೆ? ವೈದ್ಯರು ಐದು ನಿಮಿಷ ಅತ್ತೆಯ ಮುಖ ನೋಡಿ ಮಾತಾಡುತ್ತಾರೆ. ಅತ್ತೆ ಸೊಸೆಯ ಕಡೆ ತಿರುಗಿ ಹೊಟ್ಟೆ ಮುಟ್ಟಿ ತೋರಿಸಿ, ಕುಯ್ಯುವಂತೆ ಕೈ ಮಾಡಿ, ತಲೆಯಾಡಿಸುತ್ತಾರೆ. ಸೊಸೆ ಕಾಗದಕ್ಕೆ ಸಹಿ ಹಾಕುತ್ತಾಳೆ. ರೋಗಿಗೆ ಸಾಕಷ್ಟು ತಿಳಿಸಿ ಪಡೆದ ಒಪ್ಪಿಗೆ ಮಾತ್ರ ಒಪ್ಪಿಗೆ ಎಂದು ಸುಪ್ರೀಂ ಕೋರ್ಟು 2008ರಲ್ಲೇ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ಈ ಸಹಿಯಲ್ಲಿ ಒಪ್ಪಿಗೆ ಎಲ್ಲಿದೆ, ಯಾರದ್ದಿದೆ?

ಕೆಲವು ಮನೆಗಳಲ್ಲಿ ತಂದೆ ತಾಯಿ ಕಿವುಡರು, ಮಕ್ಕಳಿಗೆ ಕೇಳಿಸುತ್ತದೆ. ಅಲ್ಲಿ ಎಂಟು ಹತ್ತು ವರ್ಷದ ಮಗುವೇ ದುಭಾಷಿ. ಶಾಲೆ ತಪ್ಪಿಸಿ ಬಂದ ಮಗು ಅಪ್ಪನ ಸಾಲದ ನೋಟಿಸನ್ನು, ಅಮ್ಮನ ಸ್ಕ್ಯಾನಿಂಗ್ ವರದಿಯನ್ನು ಕೈಯಲ್ಲಿ ಆಡಿ ಹೇಳಬೇಕು. ಸುತ್ತ ನಿಂತವರು ‘ಎಷ್ಟು ಚೂಟಿ ಮಗು!’ ಎಂದು ಮೆಚ್ಚುತ್ತಾರೆ. ಗಡ್ಡೆಯ ಸುದ್ದಿಯನ್ನು ತಾಯಿಗೆ ಮುಟ್ಟಿಸುವ ಕೆಲಸಕ್ಕೆ ಮಗುವನ್ನು ನಿಲ್ಲಿಸಿದ ವ್ಯವಸ್ಥೆಗೆ ನಾಚಿಕೆಯಾಗಬೇಕಿತ್ತು. ಬದಲಿಗೆ ಮಗುವಿಗೆ ಚಾಕೊಲೇಟ್ ಸಿಗುತ್ತದೆ.

ಇನ್ನು ಉಪನೋಂದಣಾಧಿಕಾರಿ ಕಚೇರಿ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲನ್ನು ಕರ್ನಾಟಕ 1994ರಲ್ಲೇ ಕಾನೂನು ಮಾಡಿ ಕೊಟ್ಟಿತು, ದೇಶ ಕೊಡುವುದಕ್ಕೆ 11 ವರ್ಷ ಮೊದಲೇ. ಆ ಪಾಲನ್ನು ಬಿಟ್ಟುಕೊಡುವ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಲು ಕಿವುಡ ತಂಗಿಯೊಬ್ಬಳು ಬಂದರೆ ಅವಳ ಜೊತೆ ಬರುವವರು ಯಾರು? ಅಣ್ಣ. ಪತ್ರದಿಂದ ಲಾಭ ಯಾರಿಗೆ? ಅಣ್ಣನಿಗೆ. ಪತ್ರದಲ್ಲೇನಿದೆ ಎಂದು ಅವಳಿಗೆ ತಿಳಿಸಿಹೇಳುವ ದುಭಾಷಿ? ಅದೂ ಅಣ್ಣನೇ. ಠಾಣೆಯಲ್ಲಿ ಇದೇ ಕಥೆ ಇನ್ನೂ ಕ್ರೂರ. ಗಂಡ ಹೊಡೆಯುತ್ತಾನೆಂದು ದೂರು ಕೊಡಲು ಬಂದ ಕಿವುಡ ಹೆಂಗಸಿಗೆ ‘ಮನೆಯವರನ್ನು ಕರೆದುಕೊಂಡು ಬಾ’ ಎಂದರೆ ಅವಳು ಯಾರನ್ನು ಕರೆತರಬೇಕು? ಹೊಡೆದವನನ್ನೇ?

ಇದೆಲ್ಲ ಕಲ್ಪನೆ, ವಾಸ್ತವದಲ್ಲಿ ಮನೆಯವರು ಒಳ್ಳೆಯವರೇ ಇರುತ್ತಾರೆ ಎನ್ನುವವರು 2012ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಒಂದು ತೀರ್ಪನ್ನು ಓದಬೇಕು. ರಾಜಸ್ಥಾನ ಸರ್ಕಾರ ಮತ್ತು ದರ್ಶನ್ ಸಿಂಗ್ ನಡುವಿನ ಮೊಕದ್ದಮೆ. ಕೊಲೆಯಾದವನ ಹೆಂಡತಿಯೇ ಮುಖ್ಯ ಸಾಕ್ಷಿ. ಆಕೆಗೆ ಕಿವಿ ಕೇಳದು, ಮಾತು ಬಾರದು. ವಿಚಾರಣಾ ನ್ಯಾಯಾಲಯದಲ್ಲಿ ಆಕೆಯ ಸನ್ನೆಗಳನ್ನು ಮಾತಿಗೆ ತಿರುಗಿಸಿದ್ದು ಆಕೆಯ ತಂದೆ. ಅವರಿಗೆ ಪ್ರಮಾಣ ಬೋಧಿಸಿರಲಿಲ್ಲ. ಆಕೆ ಮಾಡಿದ ಸನ್ನೆಗಳೇನೆಂದು ಯಾರೂ ಬರೆದಿಟ್ಟುಕೊಂಡಿರಲಿಲ್ಲ. ಕೆಳಗಿನ ನ್ಯಾಯಾಲಯ ಶಿಕ್ಷೆ ಕೊಟ್ಟಿತು, ಹೈಕೋರ್ಟು ಬಿಡುಗಡೆ ಮಾಡಿತು, ಸುಪ್ರೀಂ ಕೋರ್ಟು ಬಿಡುಗಡೆಯನ್ನು ಎತ್ತಿಹಿಡಿಯಿತು. ಕಿವುಡರು ಸಾಕ್ಷಿ ಹೇಳಲು ಅರ್ಹರೇ ಎಂದು ಒಪ್ಪಿದ ನ್ಯಾಯಾಲಯ, ದುಭಾಷಿ ಆಕೆಯ ಪರಿಸರವನ್ನು ಬಲ್ಲವರಾಗಿರಬೇಕು, ಆದರೆ ಮೊಕದ್ದಮೆಯಲ್ಲಿ ಅವರಿಗೆ ಯಾವ ಆಸಕ್ತಿಯೂ ಇರಬಾರದು, ಪ್ರಮಾಣವನ್ನೂ ಮಾಡಿಸಬೇಕು ಎಂದು ಸ್ಪಷ್ಟಪಡಿಸಿತು. ಆರೋಪಿ ತಪ್ಪು ಮಾಡಿದ್ದನೋ ಇಲ್ಲವೋ, ಅದು ಬೇರೆ ಮಾತು. ಕಣ್ಣಾರೆ ಕಂಡೆನೆಂದವಳ ಸಾಕ್ಷ್ಯ ನಿಲ್ಲಲಿಲ್ಲ. ಅದು ನಿಲ್ಲುವಂತೆ ದಾಖಲಿಸಿಕೊಳ್ಳುವ ಏರ್ಪಾಡೇ ಇರಲಿಲ್ಲ. ಮನೆಯವರನ್ನು ಕರೆದುಕೊಂಡು ಬನ್ನಿ ಎಂಬ ಪದ್ಧತಿಗೆ ದೇಶದ ಅತ್ಯುನ್ನತ ನ್ಯಾಯಾಲಯ ಹಾಕಿದ ಅಂಕ ಇದು. ಪದ್ಧತಿ ಮಾತ್ರ ಕದಲಿಲ್ಲ.

ಮಾನಸಿಕ ಆರೋಗ್ಯ, ಪೋಕ್ಸೊ, ಅತ್ಯಾಚಾರ ಪ್ರಕರಣಗಳ ಹೇಳಿಕೆ, ಎಲ್ಲದಕ್ಕೂ ಕಾನೂನಿನಲ್ಲಿ ಸನ್ನೆ ಭಾಷೆಗೋ ದುಭಾಷಿಗೋ ವಿಶೇಷ ಶಿಕ್ಷಕರಿಗೋ ಜಾಗವಿದೆ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರದು. ಜಾರಿಗೆ ಬಂದಿದ್ದು 2017ರ ಏಪ್ರಿಲ್‌ನಲ್ಲಿ. ಸಂವಹನ ಎಂದರೆ ಸನ್ನೆ ಭಾಷೆಯೂ ಸೇರಿ ಎಂದು ಅದರ ವ್ಯಾಖ್ಯೆಯಲ್ಲೇ ಇದೆ. ನಿಯಮಗಳು ಪ್ರಕಟವಾದ ಎರಡು ವರ್ಷದೊಳಗೆ ಸರ್ಕಾರಿ ಮತ್ತು ಖಾಸಗಿ ಸೇವೆಗಳೆಲ್ಲ ಎಟಕುವಂತಾಗಬೇಕು ಎಂದು 46ನೇ ಸೆಕ್ಷನ್ ಹೇಳಿತು. ನಿಯಮ ಪ್ರಕಟವಾದದ್ದು 2017ರ ಜೂನ್‌ನಲ್ಲಿ, ಗಡುವು ಮುಗಿದದ್ದು 2019ರ ಜೂನ್‌ನಲ್ಲಿ. ಆಮೇಲೆ ಎಷ್ಟು ಜೂನ್‌ಗಳು ಕಳೆದವು! 2024ರ ನವೆಂಬರ್‌ನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ನಿಯಮಗಳ 15ನೆಯದನ್ನೇ ಎತ್ತಿಕೊಂಡು, ಕಾಯ್ದೆ ಕಡ್ಡಾಯ ಮಾಡಿದ್ದನ್ನು ನಿಯಮ ಬರೀ ಶಿಫಾರಸಿನ ಮಟ್ಟಕ್ಕೆ ಇಳಿಸಿದೆ, ಇದು ನಡೆಯದು, ಮೂರು ತಿಂಗಳಲ್ಲಿ ಕಡ್ಡಾಯ ಮಾನದಂಡ ಮಾಡಿ ಎಂದು ಹೇಳಬೇಕಾಯಿತು. ಹಕ್ಕು ಎಂದು ಸಂಸತ್ತು ಬರೆದದ್ದು ಕಚೇರಿಗೆ ತಲುಪುವಷ್ಟರಲ್ಲಿ ದಯವಿಟ್ಟು ಎಂದಾಗಿತ್ತು.

‘ಬರೆದು ತೋರಿಸಿದರಾಯಿತಲ್ಲ’ ಎನ್ನುವುದು ಎರಡನೇ ಸಬೂಬು. ಕೇಳಲು ಸಮಂಜಸವಾಗಿಯೇ ಇದೆ. ಆದರೆ ಕಿವುಡ ಮಕ್ಕಳಿಗೆ ಓದು ಬರಹ ಕಲಿಸಿದ ಬಗೆ ಹೇಗಿತ್ತು? 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನ, ಕಿವುಡ ಮಕ್ಕಳಿಗೆ ಸನ್ನೆ ಬಿಡಿಸಿ ಬಾಯಿಮಾತನ್ನೇ ಕಲಿಸಬೇಕು ಎಂದು ಠರಾವು ಮಾಡಿತು. ಜಗತ್ತಿನ ತರಗತಿಗಳಲ್ಲಿ ನೂರಕ್ಕೂ ಹೆಚ್ಚು ವರ್ಷ ಮಕ್ಕಳ ಕೈ ಕಟ್ಟಿಸಿದ ಠರಾವು ಅದು. 2010ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಅದೇ ಸಮ್ಮೇಳನದ ಉತ್ತರಾಧಿಕಾರಿಗಳು ವಿಷಾದ ಹೇಳಿದರು. ವಿಷಾದ ಅಲ್ಲಿಗೆ ಮುಗಿಯಿತು, ಪದ್ಧತಿ ನಮ್ಮ ಶಾಲೆಗಳಲ್ಲಿ ಉಳಿಯಿತು. ಕೇಳಿಸದ ಮಗು ಕೇಳಿಸದ ಭಾಷೆಯಲ್ಲಿ ಹೇಳಿದ ಪಾಠವನ್ನು ತುಟಿ ನೋಡಿ ಕಲಿಯಬೇಕು. ‘ಮರ’, ‘ಬರ’, ‘ಪರ’ ಈ ಮೂರೂ ತುಟಿಯ ಮೇಲೆ ಒಂದೇ ರೀತಿ ಕಾಣುತ್ತವೆ ಎಂಬುದನ್ನು ಯಾರು ಬೇಕಾದರೂ ಕನ್ನಡಿ ಮುಂದೆ ನಿಂತು ಪರೀಕ್ಷಿಸಿಕೊಳ್ಳಬಹುದು. ಕೊನೆಗೆ ಪರೀಕ್ಷಾ ಮಂಡಳಿಗಳು ಎರಡನೇ, ಮೂರನೇ ಭಾಷೆಯಿಂದ ‘ವಿನಾಯಿತಿ’ ಕೊಟ್ಟು ಉಪಕಾರ ಮಾಡುತ್ತವೆ. ಭಾಷೆಯನ್ನು ಕಲಿಸದೆ, ಭಾಷೆಯಿಂದಲೇ ವಿನಾಯಿತಿ ಕೊಟ್ಟು ಹೊರಗೆ ಕಳಿಸಿದ ಸರ್ಕಾರ, ಅದೇ ವ್ಯಕ್ತಿ ಇಪ್ಪತ್ತು ವರ್ಷದ ನಂತರ ಕೌಂಟರಿಗೆ ಬಂದಾಗ ‘ಏನು ಬೇಕೋ ಬರೆದುಕೊಡು’ ಎಂದು ಚೀಟಿ ಮುಂದೆ ಚಾಚುತ್ತದೆ. ಹಾಗೆ ಬರೆದುಕೊಟ್ಟರೂ ಉತ್ತರ ಬರೆಯುವ ವ್ಯವಧಾನ ಯಾರಿಗಿದೆ? ಕಂದಾಯ ಇಲಾಖೆಯ ಕನ್ನಡ ಕಿವಿ ನೆಟ್ಟಗಿರುವವರಿಗೇ ಅರ್ಥವಾಗುವುದಿಲ್ಲ.

ಸನ್ನೆ ಭಾಷೆ ಕನ್ನಡವನ್ನು ಕೈಯಲ್ಲಿ ತೋರಿಸುವ ಆಟ ಎಂಬ ಭ್ರಮೆಯೂ ಇದರ ಜೊತೆಗಿದೆ. ಭಾರತೀಯ ಸನ್ನೆ ಭಾಷೆಗೆ ತನ್ನದೇ ವ್ಯಾಕರಣವಿದೆ. ಪ್ರಶ್ನೆಯೋ ಹೇಳಿಕೆಯೋ ಎಂಬುದು ಹುಬ್ಬಿನಲ್ಲಿ, ಯಾರು ಯಾರಿಗೆ ಎಂಬುದು ಕೈ ಸಾಗುವ ದಿಕ್ಕಿನಲ್ಲಿ ಗೊತ್ತಾಗುತ್ತದೆ. ಅದಕ್ಕೆಂದೇ ಕೇಂದ್ರ ಸರ್ಕಾರ 2015ರಲ್ಲಿ ದೆಹಲಿಯಲ್ಲಿ ಸಂಶೋಧನೆ ಮತ್ತು ತರಬೇತಿ ಕೇಂದ್ರ ತೆರೆಯಿತು. 2021ರ ಹೊತ್ತಿಗೆ ಆ ಕೇಂದ್ರದ ನಿಘಂಟು 10 ಸಾವಿರ ಪದಗಳಿಗೆ ಮುಟ್ಟಿತು. ಒಳ್ಳೆಯ ಕೆಲಸ. ಆದರೆ ನಿಘಂಟು ಠಾಣೆಗೆ ಬಂದು ದೂರು ಬರೆಸುವುದಿಲ್ಲ.

ಮೂರನೆಯ ಸಬೂಬು ಯಂತ್ರ. ‘ಹಿಯರಿಂಗ್ ಏಡ್ ಹಾಕಿಕೊಳ್ಳಬಹುದಲ್ಲ?’ ಹಿಯರಿಂಗ್ ಏಡ್ ದನಿಯನ್ನು ದೊಡ್ಡದು ಮಾಡುತ್ತದೆ. ಎಷ್ಟೋ ಬಗೆಯ ಕಿವುಡಿನಲ್ಲಿ ಮಾತನ್ನು ತಿಳಿಯಾಗಿಸುವುದಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ಫ್ಯಾನಿನ ಗೊರಗೊರ, ಮಗುವಿನ ಅಳು, ಸ್ಟ್ರೆಚರಿನ ಚಕ್ರ, ನರ್ಸಿನ ಕೂಗು ಎಲ್ಲವೂ ಒಟ್ಟಿಗೇ ದೊಡ್ಡದಾಗಿ ಕಿವಿಗೆ ನುಗ್ಗುತ್ತವೆ. ಕಾಕ್ಲಿಯರ್ ಇಂಪ್ಲಾಂಟ್ ಚಿಕ್ಕ ವಯಸ್ಸಿನಲ್ಲಿ ಹಾಕಿ, ವರ್ಷಗಟ್ಟಲೆ ತರಬೇತಿ ಕೊಟ್ಟರೆ ಫಲ ಕೊಡುತ್ತದೆ. ಸರ್ಕಾರಿ ಯೋಜನೆಗಳು ಮುಖ್ಯವಾಗಿ ಚಿಕ್ಕ ಮಕ್ಕಳಿಗಾಗಿಯೇ ಇವೆ, ಇರಬೇಕು ಕೂಡ. ನಲವತ್ತು ವರ್ಷದ ಕಿವುಡ ಕೂಲಿಕಾರನಿಗೆ ಅದರಿಂದ ಬಂದದ್ದೇನು? ಮೊಬೈಲಿನಲ್ಲಿ ಕನ್ನಡ ಮಾತನ್ನು ಅಕ್ಷರಕ್ಕೆ ಇಳಿಸುವ ಆ್ಯಪ್‌ಗಳು ಬಂದಿವೆ. ಓದು ಚೆನ್ನಾಗಿ ಬಲ್ಲ, ನಡುವಯಸ್ಸಿನಲ್ಲಿ ಕಿವಿ ಕಳೆದುಕೊಂಡವರಿಗೆ ಅವು ವರ. ಆದರೆ ಅದಕ್ಕೂ ಎದುರಿನವರು ಫೋನಿನ ಹತ್ತಿರ ಬಾಯಿ ತಂದು ನಿಧಾನವಾಗಿ ಮಾತಾಡಬೇಕು. ಮಾನಿಟರ್ ನೋಡುತ್ತ, ಬಾಯಲ್ಲಿ ಪೆನ್ನು ಕಚ್ಚಿಕೊಂಡು ಗೊಣಗುವವರ ಮುಂದೆ ಯಾವ ಕೃತಕ ಬುದ್ಧಿಮತ್ತೆ ಏನು ಮಾಡೀತು?

ಸರ್ಕಾರಕ್ಕೆ ಕಿವುಡನ್ನು ಅಳೆಯಲು ಮಾತ್ರ ಚೆನ್ನಾಗಿ ಬರುತ್ತದೆ. ಎರಡೂ ಕಿವಿಯಲ್ಲಿ 70 ಡೆಸಿಬೆಲ್ ನಷ್ಟವಾದರೆ ಕಿವುಡು, 60ರಿಂದ 70 ಆದರೆ ಮಂದ ಶ್ರವಣ ಎಂದು ಅಂಗವಿಕಲರ ಹಕ್ಕುಗಳ ಕಾಯ್ದೆಯ ಅನುಸೂಚಿಯಲ್ಲಿ ಬರೆದಿದೆ. ಆಡಿಯೊಮೆಟ್ರಿ ಮಾಡಿಸು, ಸಂಶಯ ಬಂದರೆ ಬೆರಾ ಪರೀಕ್ಷೆ ಮಾಡಿಸು, ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡ್ ತಗೋ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕಿವಿಯನ್ನು ಪರೀಕ್ಷಿಸುವ, ಮಾತನ್ನು ತಿದ್ದುವ ಪರಿಣತಿಗೆ ಈ ನಾಡಿನಲ್ಲಿ ಆರು ದಶಕದ ಇತಿಹಾಸವಿದೆ. ಇಷ್ಟು ನಿಖರವಾಗಿ ಅಳೆದು, ಶೇಕಡಾವಾರು ಬರೆದು, ಮೊಹರು ಹಾಕಿ ಕಾರ್ಡ್ ಕೊಟ್ಟ ಸರ್ಕಾರ, ಆ ಕಾರ್ಡ್ ಹಿಡಿದು ಬಂದವರ ಹೆಸರನ್ನು ಒಳಗಿನಿಂದ ಕೂಗಿ ಕರೆಯುತ್ತದೆ. ಮೂರು ಸಲ ಕೂಗಿದರೂ ಏಳದಿದ್ದರೆ ‘ಗೈರುಹಾಜರು’.

‘ಅಂಥವರು ಎಷ್ಟು ಜನ ಬರುತ್ತಾರೆ ಸಾರ್?’ ಎಂಬ ನಾಲ್ಕನೆಯ ಸಬೂಬಿಗೆ ಉತ್ತರ ಸುಲಭ. ಮೆಟ್ಟಿಲೇ ಇಲ್ಲದ ಮನೆಯ ಮಹಡಿಗೆ ಯಾರೂ ಹತ್ತುವುದಿಲ್ಲವೆಂದು ಲೆಕ್ಕ ಹಾಕಿದಂತಿದೆ ಇದು. 2011ರ ಜನಗಣತಿಯ ಪ್ರಕಾರ ಶ್ರವಣದೋಷ ಇರುವವರು ದೇಶದಲ್ಲಿ 50 ಲಕ್ಷಕ್ಕೂ ಹೆಚ್ಚು, ಕರ್ನಾಟಕದಲ್ಲಿ ಸುಮಾರು 2.35 ಲಕ್ಷ. ಮನೆಮನೆಗೆ ಹೋಗಿ ಒಂದು ಪ್ರಶ್ನೆ ಕೇಳಿ ಬರೆದುಕೊಂಡ ಸಂಖ್ಯೆ ಅದು. ವಯಸ್ಸಾದ ಮೇಲೆ ಕಿವಿ ಮಂದವಾದವರಲ್ಲಿ ಎಷ್ಟು ಜನ ಅದನ್ನು ಅಂಗವೈಕಲ್ಯ ಎಂದು ಬರೆಸಿಯಾರು? ಈಗ ಜಗತ್ತಿನಲ್ಲಿ 43 ಕೋಟಿಗೂ ಹೆಚ್ಚು ಮಂದಿಗೆ ಶ್ರವಣ ಸಂಬಂಧಿ ಪುನರ್ವಸತಿ ಬೇಕು, 2050ರ ಹೊತ್ತಿಗೆ ಅವರು 70 ಕೋಟಿ ಆದಾರು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರ ವರದಿಯಲ್ಲಿ ಹೇಳಿತು. ಪಿಂಚಣಿ ಪಡೆಯಲು ಬ್ಯಾಂಕಿಗೆ ಬಂದ ಎಪ್ಪತ್ತೆಂಟರ ಅಜ್ಜಿಗೆ ಸನ್ನೆ ಭಾಷೆ ಬಾರದು, ಬೇಕಾಗಿಯೂ ಇಲ್ಲ. ಗಾಜಿನ ಆಚೆಯವರು ಮುಖ ತೋರಿಸಿ ಮಾತಾಡಬೇಕು, ಟೋಕನ್ ನಂಬರು ಪರದೆಯ ಮೇಲೆ ದೊಡ್ಡದಾಗಿ ಕಾಣಬೇಕು, ಹೇಳಿದ್ದನ್ನು ಎರಡು ಸಾಲು ಅಚ್ಚುಮಾಡಿ ಕೊಡಬೇಕು. ಇಷ್ಟಕ್ಕೆ ಎಷ್ಟು ಕೋಟಿಯ ಯೋಜನೆ ಬೇಕು? ಕೌಂಟರಿನ ಒಳಗೆ ಕೂತವರಿಗೂ ಅರವತ್ತು ತುಂಬುತ್ತದೆ ಎಂಬುದನ್ನು ಅವರು ಮರೆತಂತಿದೆ.

ಇನ್ನು ತುರ್ತಿನ ಮಾತು. ಪೊಲೀಸ್, ಬೆಂಕಿ ಎಂದರೆ 112. ಆಂಬುಲೆನ್ಸ್ 108. ಸರ್ಕಾರದ ಮೇಲೆ ದೂರಿದ್ದರೆ 1902. ಕರೆಂಟ್ ಹೋದರೆ 1912. ಅಂಕಿಗಳು ಬೇರೆ ಬೇರೆ, ಆಚೆ ಕಡೆ ಕೂತಿರುವುದು ಮಾತ್ರ ಒಂದೇ: ದನಿ. ಕೆಲವಕ್ಕೆ ಆ್ಯಪ್, ವಾಟ್ಸ್‌ಆ್ಯಪ್ ಜೋಡಿಸಿದ್ದಾರೆ ನಿಜ. ಗುಂಡಿ ಒತ್ತಿದ ಮೇಲೆ ವಿವರ ಕೇಳಲು ಸಿಬ್ಬಂದಿ ವಾಪಸ್ ಫೋನ್ ಮಾಡುತ್ತಾರೆ. ಎತ್ತುವವರು ಯಾರು? ಬ್ರಿಟನ್ನಿನಲ್ಲಿ 2022ರ ಜೂನ್‌ನಿಂದ ಕಿವುಡರು 999ಕ್ಕೆ ವಿಡಿಯೊ ಕರೆ ಮಾಡಿದರೆ ತೆರೆಯ ಮೇಲೆ ಸನ್ನೆ ಭಾಷೆಯ ದುಭಾಷಿ ಬರುತ್ತಾರೆ. ಅವರು ನೋಡಿದ್ದನ್ನು ಪೊಲೀಸರಿಗೆ, ಆಂಬುಲೆನ್ಸಿಗೆ ಆ ಕ್ಷಣದಲ್ಲೇ ಮಾತಿನಲ್ಲಿ ಹೇಳುತ್ತಾರೆ. ಅಮೆರಿಕದಲ್ಲಿ ಇಂಥ ರಿಲೇ ವ್ಯವಸ್ಥೆಗೆ 1990ರ ಕಾಯ್ದೆಯಲ್ಲೇ ಜಾಗ ಕೊಟ್ಟಿದ್ದರು. ಅರ್ಧ ಜಗತ್ತಿನ ಗ್ರಾಹಕ ಸೇವೆಯ ಫೋನುಗಳನ್ನು ರಾತ್ರಿಯೆಲ್ಲ ಎದ್ದು ಎತ್ತಿದ ಊರು ಬೆಂಗಳೂರು. ಆ ಊರಿಗೆ ಒಂದು ವಿಡಿಯೊ ಕರೆ ಕೇಂದ್ರ ತಾಂತ್ರಿಕವಾಗಿ ಕಷ್ಟ ಎಂದರೆ ನಂಬುವವರು ಯಾರು?

ಅದೇ ಅಮೆರಿಕದ ಕಾಯ್ದೆಯಡಿಯ ನಿಯಮಗಳಲ್ಲಿ ನಮ್ಮ ಕಚೇರಿಗಳ ಗೋಡೆಗೆ ಅಂಟಿಸಬೇಕಾದ ಒಂದು ಮಾತಿದೆ. ದುಭಾಷಿಯನ್ನು ನೀವೇ ಕರೆದುಕೊಂಡು ಬನ್ನಿ ಎಂದು ಕಿವುಡ ವ್ಯಕ್ತಿಗೆ ಸರ್ಕಾರಿ ಸಂಸ್ಥೆ ಹೇಳುವಂತಿಲ್ಲ; ಪ್ರಾಣಾಪಾಯದ ತುರ್ತನ್ನು ಬಿಟ್ಟರೆ ಜೊತೆಗೆ ಬಂದ ಮಕ್ಕಳನ್ನು ದುಭಾಷಿಯಾಗಿ ಬಳಸುವಂತಿಲ್ಲ. ಅಮೆರಿಕದಲ್ಲಿ ಕುಟುಂಬಗಳೇ ಇಲ್ಲವೆಂದು ಮಾಡಿದ ನಿಯಮವಲ್ಲ ಇದು. ಕುಟುಂಬ ಇದ್ದೂ, ಅದರ ಮೇಲೆ ಸರ್ಕಾರ ತನ್ನ ಕೆಲಸ ಹೇರಬಾರದೆಂದು ಮಾಡಿದ್ದು.

ಕೊನೆಯ ಕೋಟೆ ದುಡ್ಡು. ಎಲ್ಲಿಂದ ತರೋಣ ಎಂದು ಹಣಕಾಸು ಇಲಾಖೆ ಹುಬ್ಬೇರಿಸುವ ಮೊದಲು ಕೆನಡಾದ ಎಲ್ಡ್ರಿಜ್ ಪ್ರಕರಣದ ಒಂದು ಅಂಕಿ ನೋಡಲಿ. ಬ್ರಿಟಿಷ್ ಕೊಲಂಬಿಯಾದಲ್ಲಿ ಒಬ್ಬಾಕೆ ಅವಧಿಗೆ ಮುನ್ನ ಅವಳಿ ಮಕ್ಕಳನ್ನು ಹೆತ್ತಳು. ಹೆರಿಗೆ ಕೋಣೆಯಲ್ಲಿ ದುಭಾಷಿ ಇರಲಿಲ್ಲ, ಮಕ್ಕಳಿಗೇನಾಗುತ್ತಿದೆ ಎಂಬುದೇ ತಾಯಿಗೆ ತಿಳಿಯದು. ಆಕೆಯೂ ಇತರ ಕಿವುಡರೂ ಕೋರ್ಟಿಗೆ ಹೋದರು. ಇಡೀ ಪ್ರಾಂತ್ಯದ ಆಸ್ಪತ್ರೆಗಳಿಗೆ ದುಭಾಷಿ ಒದಗಿಸಲು ಬೇಕಾಗುತ್ತಿದ್ದದ್ದು ವರ್ಷಕ್ಕೆ 1.5 ಲಕ್ಷ ಡಾಲರ್, ಆರೋಗ್ಯ ಬಜೆಟ್ಟಿನ ಶೇ 0.0025 ಮಾತ್ರ ಎಂದು 1997ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಲೆಕ್ಕ ತೋರಿಸಿ, ಒದಗಿಸದಿರುವುದು ಸಮಾನತೆಯ ಹಕ್ಕಿನ ಉಲ್ಲಂಘನೆ ಎಂದಿತು. ನಮ್ಮದೇ ಲೆಕ್ಕ ಹಾಕೋಣ. ಕರ್ನಾಟಕದಲ್ಲಿ 31 ಜಿಲ್ಲೆ. ಜಿಲ್ಲೆಗೆ ಇಬ್ಬರಂತೆ 62 ದುಭಾಷಿಗಳು. ಒಬ್ಬೊಬ್ಬರಿಗೆ ತಿಂಗಳಿಗೆ ಒಂದು ಲಕ್ಷ ರೂಪಾಯಿ ಕೊಟ್ಟರೂ ವರ್ಷಕ್ಕೆ 7.44 ಕೋಟಿ. 2025-26ರ ರಾಜ್ಯ ಬಜೆಟ್ಟಿನ ಗಾತ್ರ 4 ಲಕ್ಷ ಕೋಟಿಗೂ ಮೇಲೆ. ಶೇಕಡಾವಾರು ಬರೆದರೆ 0.002ನ್ನೂ ಮುಟ್ಟುವುದಿಲ್ಲ. ಒಂದು ಮೇಲ್ಸೇತುವೆಯ ಅಂದಾಜುವೆಚ್ಚ ಪರಿಷ್ಕರಣೆಯಲ್ಲಿ ಇದಕ್ಕಿಂತ ಹೆಚ್ಚು ಮೊತ್ತ ಯಾರ ಕಣ್ಣಿಗೂ ಬೀಳದೆ ಆಚೀಚೆ ಆಗುತ್ತದೆ.

‘ತರಬೇತಾದ ದುಭಾಷಿಗಳೇ ಇಲ್ಲ’ ಎಂಬುದು ನಿಜ. ಇಡೀ ದೇಶದಲ್ಲಿ ಅವರ ಸಂಖ್ಯೆ ತೀರಾ ಕಡಿಮೆ. ಇಲ್ಲದಂತೆ ಮಾಡಿದವರು ಯಾರು? 2015ರ ಡಿಸೆಂಬರ್‌ನಲ್ಲಿ ಭಾರೀ ಸದ್ದಿನೊಡನೆ ಶುರುವಾದ ಸುಗಮ್ಯ ಭಾರತ ಅಭಿಯಾನ ಹಾಕಿಕೊಂಡ ಗುರಿ, 2018ರ ಮಾರ್ಚ್ ಒಳಗೆ ಹೆಚ್ಚುವರಿಯಾಗಿ 200 ದುಭಾಷಿಗಳನ್ನು ತಯಾರು ಮಾಡುವುದು. 50 ಲಕ್ಷ ಜನರಿಗೆ 200! ತಲಾ 25 ಸಾವಿರ ಜನರನ್ನು ಒಬ್ಬ ದುಭಾಷಿ ನೋಡಿಕೊಳ್ಳಬೇಕು. ಇದನ್ನು ಗುರಿ ಎಂದು ಬರೆದವರಿಗೆ ಗುಣಾಕಾರ ಭಾಗಾಕಾರ ಬರುತ್ತಿತ್ತೋ ಇಲ್ಲವೋ. ಎರಡು ವರ್ಷ ಡಿಪ್ಲೊಮಾ ಓದಿ ಬಂದವರಿಗೆ ಕಾಯಂ ಹುದ್ದೆಯೇ ಇಲ್ಲದಿದ್ದರೆ ಯಾವ ತರುಣ ಈ ವಿದ್ಯೆ ಕಲಿತಾನು? ಹುದ್ದೆ ಇಲ್ಲ, ಅದಕ್ಕೆ ಜನ ಇಲ್ಲ. ಜನ ಇಲ್ಲ, ಅದಕ್ಕೆ ಹುದ್ದೆ ಇಲ್ಲ. ಈ ಗಿರಕಿಯನ್ನು ನಿಲ್ಲಿಸುವ ಕೈ ಸರ್ಕಾರದ್ದು ಮಾತ್ರ.

ನಿಲ್ಲಿಸಿದಾಗ ಏನಾಗುತ್ತದೆ ಎಂಬುದಕ್ಕೆ ಉದಾಹರಣೆಯೂ ನಮ್ಮಲ್ಲಿದೆ. ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ 2023ರ ಸೆಪ್ಟೆಂಬರ್‌ನಲ್ಲಿ ದುಭಾಷಿಯ ನೆರವಿನಿಂದ ಸುಪ್ರೀಂ ಕೋರ್ಟಿನ ಮುಂದೆ ಹಾಜರಾದರು. ಮೊದಲ ಸಲ ದುಭಾಷಿ ಬಂದದ್ದು ಅವರ ಕಡೆಯಿಂದ. ಮುಂದಿನ ತಿಂಗಳು ನ್ಯಾಯಾಲಯವೇ ನೇಮಿಸಿತು. 2024ರ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ಮುಂದೆ ಅವರು ವಾದ ಮಂಡಿಸಿದರು. ಪತ್ರಿಕೆಗಳು ‘ಸಾಧನೆ’ ಎಂದು ಬರೆದವು. ವಕೀಲೆಯ ಸಾಧನೆ ಹೌದು. ಆದರೆ ಅದೇ ದಿನ ರಾಜ್ಯದ ಯಾವುದೋ ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ಹೊರಗಿನ ಬೆಂಚಿನ ಮೇಲೆ ಕೂತ ಕಿವುಡ ಕಕ್ಷಿದಾರನ ಪಾಲಿಗೆ ದುಭಾಷಿ ಎಂದರೆ ಪಕ್ಕದ ಮನೆಯ ಹುಡುಗ. ಹೈಕೋರ್ಟಿನಲ್ಲಿ ಒಂದು ದಿನ ಆದದ್ದು ತಾಲ್ಲೂಕಿನಲ್ಲಿ ದಿನವೂ ಆಗದಿದ್ದರೆ ಆ ಸುದ್ದಿಯನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳುವುದರಿಂದ ಏನು ಬಂತು?

ಸೆಪ್ಟೆಂಬರ್ 23ಕ್ಕೆ ಅಂತರರಾಷ್ಟ್ರೀಯ ಸನ್ನೆ ಭಾಷಾ ದಿನ ಬರುತ್ತದೆ. ವೇದಿಕೆಯಲ್ಲಿ ಗಣ್ಯರು ಮೈಕಿನಲ್ಲಿ ಮಾತಾಡುತ್ತಾರೆ. ಕಿವುಡ ಶಾಲೆಯ ಮಕ್ಕಳು ನಾಡಗೀತೆಯನ್ನು ಸನ್ನೆಯಲ್ಲಿ ಮಾಡಿ ತೋರಿಸುತ್ತಾರೆ, ಎಲ್ಲರ ಕಣ್ಣು ತೇವಗೊಳ್ಳುತ್ತದೆ, ಹಿಯರಿಂಗ್ ಏಡ್ ಹಂಚುವ ಫೋಟೊ ಮರುದಿನ ಜಿಲ್ಲಾ ಪುಟದಲ್ಲಿ ಬರುತ್ತದೆ. ದೂರದರ್ಶನ 1987ರಿಂದ ಕಿವುಡರಿಗಾಗಿ ವಾರ್ತೆ ಕೊಡುತ್ತಿದೆ. ಸುದ್ದಿ ವಾಹಿನಿಗಳು ದಿನಕ್ಕೊಂದು ವಾರ್ತೆಯಲ್ಲಾದರೂ ಸನ್ನೆ ಭಾಷೆ ಕೊಡಬೇಕೆಂದು 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಮಾನದಂಡ ಹೊರಡಿಸಿತು. ಮಲೆನಾಡಿನಲ್ಲಿ ಗುಡ್ಡ ಕುಸಿದು ರೆಡ್ ಅಲರ್ಟ್ ಘೋಷಣೆಯಾದ ರಾತ್ರಿ ಕನ್ನಡದ ಯಾವ ಖಾಸಗಿ ವಾಹಿನಿಯ ಮೂಲೆಯಲ್ಲಿ ದುಭಾಷಿ ಕಾಣುತ್ತಾರೆ ಎಂದು ಓದುಗರು ರಿಮೋಟ್ ಒತ್ತಿ ನೋಡಲಿ.

ಇನ್ನು ಮನವಿಗಳು ಸಾಕು. ಕಿವಿ ಕೇಳಿಸದವರಿಗೆ ‘ಯಾರನ್ನಾದರೂ ಕರೆದುಕೊಂಡು ಬಾ’ ಎಂದು ಹೇಳುವುದೇ ಕರ್ತವ್ಯಲೋಪ ಎಂದು ಮುಖ್ಯ ಕಾರ್ಯದರ್ಶಿಯವರ ಒಂದು ಸುತ್ತೋಲೆ ಹೊರಡಬೇಕು. ಇದಕ್ಕೆ ಪೈಸೆ ಖರ್ಚಿಲ್ಲ. ಪ್ರತಿ ಜಿಲ್ಲೆಗೆ ಇಬ್ಬರು ಕಾಯಂ ದುಭಾಷಿಗಳನ್ನು ನೇಮಿಸಬೇಕು. ಜಿಲ್ಲಾಸ್ಪತ್ರೆ, ನ್ಯಾಯಾಲಯ, ಠಾಣೆ, ಜಿಲ್ಲಾಧಿಕಾರಿ ಕಚೇರಿ ಯಾರು ಕರೆದರೂ ಅವರು ಹೋಗುವಂತಿರಬೇಕು. ತಾಲ್ಲೂಕು, ನಾಡಕಚೇರಿ, ಗ್ರಾಮ ಒನ್ ಕೇಂದ್ರಗಳಿಗೆ ವಿಡಿಯೊ ಕರೆಯಲ್ಲಿ ದುಭಾಷಿ ಸಿಗುವ ಒಂದು ರಾಜ್ಯ ಕೇಂದ್ರ ಹಗಲು ರಾತ್ರಿ ನಡೆಯಬೇಕು, 112 ಮತ್ತು 108 ಅದಕ್ಕೆ ಜೋಡಣೆಯಾಗಬೇಕು. ತಾಲ್ಲೂಕು ಮಟ್ಟದ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಈಗಾಗಲೇ ಅಲ್ಪ ಗೌರವಧನಕ್ಕೆ ದುಡಿಯುತ್ತಿದ್ದಾರೆ. ಅವರಿಗೆ ಸನ್ನೆ ಭಾಷೆ ಕಲಿಸಿ, ಕಲಿತದ್ದಕ್ಕೆ ಸಂಬಳ ಏರಿಸಿ. ಕಲಿಸುವ ಕೆಲಸ ಕಿವುಡರಿಗೇ ಕೊಡಿ. ಆ ಭಾಷೆ ಅವರದು. ಠಾಣಾಧಿಕಾರಿ ತರಬೇತಿಯಲ್ಲಿ, ವೈದ್ಯಕೀಯ ಕಾಲೇಜಿನಲ್ಲಿ, ಆಡಳಿತ ತರಬೇತಿ ಸಂಸ್ಥೆಯಲ್ಲಿ ಒಂದು ವಾರದ ಸನ್ನೆ ಭಾಷೆ ಪಾಠ ಇರಲಿ. ಉಪನೋಂದಣಾಧಿಕಾರಿ ಕಚೇರಿಯಲ್ಲಿ, ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರದಲ್ಲಿ, ಕಿವುಡರು ಸಹಿ ಹಾಕುವ ಕಡೆ ಸ್ವತಂತ್ರ ದುಭಾಷಿಯ ಸಹಿಗೂ ಒಂದು ಗೆರೆ ಇರಲಿ.

ಇದಕ್ಕೆಲ್ಲ ಸರ್ಕಾರ ಎಂದಿನಂತೆ ಪರಿಶೀಲಿಸುತ್ತೇವೆ ಎಂದರೆ ದಾರಿ ಬೇರೆ ಇದೆ. ಅಂಗವಿಕಲರ ಹಕ್ಕುಗಳ ಕಾಯ್ದೆಯ 89ನೇ ಸೆಕ್ಷನ್ ಪ್ರಕಾರ ಮೊದಲ ಉಲ್ಲಂಘನೆಗೆ 10 ಸಾವಿರ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಸಾವಿರದಿಂದ 5 ಲಕ್ಷದವರೆಗೆ ದಂಡ. ಇಷ್ಟು ವರ್ಷ ಅಪರೂಪಕ್ಕೆ ಮಾತ್ರ ಬಳಕೆಯಾದ ಸೆಕ್ಷನ್ ಅದು. ಕಿವುಡರ ಸಂಘಟನೆಗಳು, ಅವರ ಜೊತೆ ನಿಲ್ಲುವ ವಕೀಲರು, ಕಾನೂನು ಕಾಲೇಜಿನ ವಿದ್ಯಾರ್ಥಿಗಳು ಪ್ರತಿ ತಾಲ್ಲೂಕಿನಲ್ಲೂ ಕೌಂಟರಿನಿಂದ ವಾಪಸಾದವರ ಹೆಸರು, ದಿನಾಂಕ, ಕಚೇರಿ ಬರೆದಿಟ್ಟುಕೊಂಡು ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರ ಮುಂದೆ ದೂರು ದಾಖಲಿಸಲಿ, ಅಲ್ಲಿ ಆಗದಿದ್ದರೆ ಹೈಕೋರ್ಟಿನ ಬಾಗಿಲು ತಟ್ಟಲಿ. ಮುಂದಿನ ಬಜೆಟ್ ಮಂಡನೆಯ ಮೊದಲು 62 ಹುದ್ದೆಗಳ ಕಡತ ಹಣಕಾಸು ಇಲಾಖೆಯಿಂದ ಸಹಿಯಾಗಿ ಹೊರಬರಬೇಕು. ಬಾರದಿದ್ದರೆ ಆ ಇಲಾಖೆಯ ಮೇಲೇ ಮೊದಲ ದೂರು ಬೀಳಲಿ.